ಕಡಲ ಮೇಲೆ ಮಕ್ಕಳೊಂದಿಗೆ ಮೂರು ರಾತ್ರಿ

ನಾಗಪುರದ ಗಾಂಧಿಬಾಗಿನಲ್ಲಿ ವಾಸಿಸುವ ನಮಗೆ ಹತ್ತಿರದ ಸಮುದ್ರವೆಂದರೆ ಗಾಂಧಿಸಾಗರ. ಹೆಸರಿಗೆ ಸಾಗರ, ನೋಡಿದರೆ ಕೆರೆ. ಊರಿನ ಹಳಬರು ಇಂದಿಗೂ ಅದನ್ನು ಶುಕ್ರವಾರಿ ತಲಾವ್ ಎಂದೇ ಕರೆಯುತ್ತಾರೆ. ನಿಜವಾದ ಕಡಲನ್ನು ಕಾಣಬೇಕಾದರೆ 800 ಕಿಲೋಮೀಟರಿಗೂ ಮಿಕ್ಕಿ ರೈಲಿನಲ್ಲಿ ಕುಳಿತು ಮುಂಬಯಿ ಸೇರಬೇಕು. ಹೀಗಿರುವಾಗ, ಕಳೆದ ದೀಪಾವಳಿಯ ಗಿರಾಕಿಗಳ ಗದ್ದಲವೆಲ್ಲ ಮುಗಿದ ಮೇಲೆ, ಮುಂಬಯಿಯಿಂದ ಗೋವೆಗೆ ಹೋಗಿ ಬರುವ ವಿಹಾರದ ಹಡಗಿನಲ್ಲಿ ಮೂರು ರಾತ್ರಿ ಕಳೆಯುವುದೆಂದು ನಮ್ಮ ಮನೆಯಲ್ಲಿ ನಿಶ್ಚಯವಾಯಿತು. ನಾವೆಂದರೆ ಗಂಡಹೆಂಡಿರಿಬ್ಬರು, ಹತ್ತು ವರ್ಷದ ಮಗ, ಆರು ವರ್ಷದ ಮಗಳು.

ಅವ್ವ ಬರಲು ಒಪ್ಪಲಿಲ್ಲ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಿಗೆ ಹೊರಟ ‘ರಾಮದಾಸ್’ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ತೀರಿಹೋದ ಕಥೆಯನ್ನು ಅವಳು ತನ್ನ ಅಪ್ಪನ ಬಾಯಿಂದ ಕೇಳಿದ್ದಳು. “ನೀವು ಬೇಕಾದ್ರ ಹೋಗ್ರಿ, ಕೂಸುಗಳನ್ನ ನನ್ನ ಹತ್ರ ಬಿಟ್ಟು ಹೋಗ್ರಿ” ಎಂದಳು. ಅದು ಮಳೆಗಾಲದ ಬಿರುಗಾಳಿಯ ಮಾತು, ಮಳೆಗಾಲದಲ್ಲಿ ವಿಹಾರದ ಹಡಗುಗಳು ಸಾಮಾನ್ಯವಾಗಿ ಈ ಕರಾವಳಿಯಲ್ಲಿ ಓಡುವುದಿಲ್ಲ ಎಂದು ನಾವು ಸಮಾಧಾನ ಹೇಳಿದೆವು. ಅವ್ವ ಮೊಮ್ಮಕ್ಕಳಿಗೆ ಅಂಗಾರ ಹಚ್ಚಿ, ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಕೊಟ್ಟಳು.

ಗಾಂಧಿಬಾಗೆಂದರೆ ಬಟ್ಟೆಯ ಸಗಟು ಪೇಟೆ. ಅಲ್ಲಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನಮ್ಮ ವೃತ್ತಿ. ವೃತ್ತಿಯ ಗುಣ ರಜೆಯಲ್ಲೂ ಬಿಡುವುದುಂಟೆ? ಕೊಟ್ಟ ಹಣಕ್ಕೆ ಸುಖವನ್ನು ಪೂರ್ತಿ ವಸೂಲು ಮಾಡಬೇಕೆಂದು ನಾವು ಕಿರ್ದಿಯಂತೆ ಒಂದು ಪಟ್ಟಿ ಬರೆದುಕೊಂಡೆವು. ಏಳಕ್ಕೆ ತಿಂಡಿ, ಎಂಟಕ್ಕೆ ಈಜುಕೊಳ, ಹತ್ತಕ್ಕೆ ಮಕ್ಕಳ ಆಟದ ಕೋಣೆ, ಮಧ್ಯಾಹ್ನ ಜಾದು, ರಾತ್ರಿ ಸಂಗೀತ. ಸುಮ್ಮನೆ ಕುಳಿತು ಕಡಲನ್ನು ನೋಡಲು ಆ ಪಟ್ಟಿಯಲ್ಲಿ ಒಂದು ಗಳಿಗೆಯೂ ಇರಲಿಲ್ಲವೆಂಬುದು ನಮಗೆ ಹೊಳೆಯಲೇ ಇಲ್ಲ.

ಬಲ್ಲಾರ್ಡ್ ಪಿಯರಿನಲ್ಲಿ ಹಡಗು ಹತ್ತಿದ ಕೂಡಲೇ ನಮ್ಮನ್ನು ಕವಾಯತಿಗೆ ಕರೆದರು. ಅಪಾಯ ಬಂದರೆ ಯಾರು ಎಲ್ಲಿ ಕೂಡಬೇಕು, ಲೈಫ್ ಜಾಕೆಟ್ ತೊಡುವ ಬಗೆ ಹೇಗೆ ಎಂಬುದರ ಪಾಠವದು. ಏಳು ಸಲ ಗಿಡ್ಡಗೆ, ಒಂದು ಸಲ ಉದ್ದಕ್ಕೆ ಸಿಳ್ಳು ಕೂಗಿದರೆ ಎಲ್ಲರೂ ತಮಗೆ ಗೊತ್ತುಮಾಡಿದ ಠಾವಿಗೆ ಬರಬೇಕು. ನಮಗೋ ಸೂರ್ಯಾಸ್ತ ತಪ್ಪುತ್ತದಲ್ಲಾ ಎಂಬ ಚಡಪಡಿಕೆ. “ಇದನ್ನ ಬಿಟ್ಟು ಮ್ಯಾಲೆ ಹೋಗೂಣು” ಎಂದು ನಮ್ಮಾಕೆಯ ಕಿವಿಯಲ್ಲಿ ಹೇಳಿಯೂ ಹೇಳಿದೆವು. ಪುಣ್ಯಕ್ಕೆ ಆಕೆ ಕದಲಲಿಲ್ಲ. ಈ ನಿಯಮದ ಹಿಂದೆ ಎಷ್ಟು ಜೀವಗಳ ಬೆಲೆ ಇದೆಯೆಂಬುದನ್ನು ಊರಿಗೆ ಮರಳಿದ ಮೇಲೆ ಓದಿ ತಿಳಿದೆವು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಹಲವು ರಾಷ್ಟ್ರಗಳು ಕೂಡಿ ಹಡಗಿನ ಸುರಕ್ಷತೆಗೆ ಒಪ್ಪಂದ ಮಾಡಿಕೊಂಡವು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ತಾಗಿದಾಗ, ಆ ದಿನವೇ ಹತ್ತಿದ್ದ ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಅದಾದ ಮೇಲೆ, 2015ರಿಂದ, ಹಡಗು ಹೊರಡುವ ಮೊದಲು ಇಲ್ಲವೆ ಹೊರಟ ಕೂಡಲೇ ಇದು ಆಗಲೇಬೇಕೆಂದು ಗೊತ್ತಾಯಿತು. ಮಗ ಆಕಳಿಸಿದ. ಮಗಳು ಮಾತ್ರ ಕಣ್ಣರಳಿಸಿ ಕೇಳಿದಳು.

ರಾತ್ರಿ ಹಡಗು ಮೆಲ್ಲಗೆ ತೂಗತೊಡಗಿತು. ಮಗಳು ಉಂಡದ್ದನ್ನೆಲ್ಲ ಕಾರಿಕೊಂಡಳು. ಕ್ಯಾಬಿನ್ನಿನಲ್ಲಿ ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ‘ಅಲ್ಲ, ತೂಗುತ್ತಿದೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಿಂದಲೇ ಓಕರಿಕೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು. ಹೊರಡುವ ಮುನ್ನ ವೈದ್ಯರನ್ನು ಕಂಡು, ವಯಸ್ಸಿಗೆ ತಕ್ಕ ಔಷಧ ಕೇಳಿಟ್ಟುಕೊಳ್ಳಬೇಕಾಗಿತ್ತು. ಕ್ಯಾಬಿನ್ನು ಗೊತ್ತುಮಾಡುವಾಗ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನದನ್ನು ಕೇಳಬೇಕಾಗಿತ್ತು. ಅಲ್ಲಿ ತೂಗಾಟ ಕಡಿಮೆ. ಎರಡನ್ನೂ ಮಾಡಿರಲಿಲ್ಲ. ತಪ್ಪು ಯಾರದೆಂದು ನಾವಿಬ್ಬರೂ ಪಿಸುದನಿಯಲ್ಲಿ ವಾದಿಸಿದೆವು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಗೆ ಕೂಸು ಎದುರಿಗೇ ಮಲಗಿತ್ತು.

ಮರುದಿನ ಮೊರ್ಮುಗೋವೆಯಲ್ಲಿ ಇಳಿದೆವು. ಪಟ್ಟಿಯಂತೆ ಹಳೆಯ ಗೋವೆಯ ಇಗರ್ಜಿ, ಒಂದು ಕಡಲತೀರ, ಒಂದು ಪೇಟೆ ಎಲ್ಲವೂ ಆಗಬೇಕು, ಹಡಗು ಹೊರಡುವುದರೊಳಗೆ ಮರಳಲೂ ಬೇಕು. ದಿನದ ಬಹುಭಾಗ ಟ್ಯಾಕ್ಸಿಯಲ್ಲೇ ಕಳೆಯಿತು. ಮಕ್ಕಳು ಇಗರ್ಜಿಯನ್ನು ನಿದ್ದೆಗಣ್ಣಿನಿಂದ ಕಂಡರು.

ಮೂರನೆಯ ದಿನ ಪೂರ್ತಿ ಕಡಲ ಮೇಲೆಯೇ. ಜಾದುವಿನ ಸಭೆಗೆ ಹೋಗುವಾಗ ಮಗಳು ನಮ್ಮ ಅಂಗಿ ಹಿಡಿದೆಳೆದು, “ಅಪ್ಪಾ, ಸ್ವಲ್ಪ ಸಮುದ್ರ ನೋಡೂಣು” ಎಂದಳು. “ಆಮ್ಯಾಲೆ” ಎಂದೆವು. ಸಭೆಯಲ್ಲಿ ಜನ ಕಿಕ್ಕಿರಿದಿತ್ತು. ಅವಳು ತಾಯಿಯ ಕಡೆ ಇದ್ದಾಳೆಂದು ನಾವು, ನಮ್ಮ ಕಡೆ ಇದ್ದಾಳೆಂದು ತಾಯಿ. ದೀಪ ಹತ್ತಿದಾಗ ಮಗಳು ಇಲ್ಲ.

ಆ ಇಪ್ಪತ್ತು ನಿಮಿಷಗಳನ್ನು ನಾವು ಬರೆಯಲಾರೆವು. ರೈಲಾದರೆ ಮುಂದಿನ ನಿಲ್ದಾಣವಿದೆ, ಪೇಟೆಯಾದರೆ ಗುರುತಿನ ಅಂಗಡಿಗಳಿವೆ. ಹಡಗಿನ ಸುತ್ತಲೂ ಇರುವುದು ನೀರೊಂದೇ. ನಮ್ಮಾಕೆ ಆಟದ ಕೋಣೆಗೆ ಓಡಿದಳು, ಮಗ ಕ್ಯಾಬಿನ್ನಿಗೆ ಓಡಿದ. ನಾವು ಈಜುಕೊಳದ ಬಳಿ ನಿಂತು ನೀರಿನ ತಳವನ್ನು ನೋಡಿದೆವು. ಅವ್ವನ ಮಾತು ಕಿವಿಯಲ್ಲಿ ಮೊಳಗುತ್ತಿತ್ತು.

ಅಷ್ಟರಲ್ಲಿ ಹಡಗಿನ ಸಿಬ್ಬಂದಿಯೊಬ್ಬರು ಬಂದು ನಮ್ಮನ್ನು ಕೆಳಗೆ ಕರೆದೊಯ್ದರು. ಮೊದಲ ದಿನ ಕವಾಯತು ನಡೆದ ಅದೇ ಠಾವಿನಲ್ಲಿ ಮಗಳು ಗೋಡೆಗೊರಗಿ ಕುಳಿತಿದ್ದಳು. ಸಮುದ್ರ ನೋಡಲೆಂದು ಹೊರಬಿದ್ದವಳಿಗೆ ಮರಳುವ ದಾರಿ ತಪ್ಪಿತ್ತು. ಕಣ್ಣಲ್ಲಿ ನೀರಿದ್ದರೂ ಅವಳ ದನಿ ಗಟ್ಟಿಯಾಗಿತ್ತು. “ಏನರ ತೊಂದ್ರಿ ಆದ್ರ ಇಲ್ಲೇ ಬರಬೇಕಂತ ಆ ಮಾಮಾ ಹೇಳಿದ್ರಲ್ಲ? ನೀವ್ಯಾಕ ಇಷ್ಟೊತ್ತು ಬರಲಿಲ್ಲ?”

ಬಿಟ್ಟುಹೋಗೋಣವೆಂದು ನಾವು ಹೇಳಿದ್ದ ಪಾಠ ಅದು. ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ.

ಅಂದು ಸಂಜೆ ಪಟ್ಟಿಯನ್ನು ಹರಿದೆವು. ನಾಲ್ವರೂ ಡೆಕ್ಕಿನ ಮೇಲೆ ಕುಳಿತು, ಉಳಿದಿದ್ದ ನಾಗಪುರದ ಕಿತ್ತಳೆ ಸುಲಿದು ತಿನ್ನುತ್ತ, ಕತ್ತಲಾಗುವವರೆಗೂ ನೀರನ್ನು ನೋಡಿದೆವು. ದೂರದ ದಿಗಂತವನ್ನು ನೋಡುತ್ತ ಗಾಳಿಯಲ್ಲಿ ಕುಳಿತದ್ದಕ್ಕೋ ಏನೋ, ಮಗಳ ಓಕರಿಕೆಯೂ ನಿಂತಿತ್ತು. ಮಗ ಮೀನುಗಾರರ ದೋಣಿಗಳ ದೀಪ ಎಣಿಸಿದ. ನಮ್ಮಾಕೆ ಮೂರು ದಿನಗಳಲ್ಲಿ ಮೊದಲ ಬಾರಿಗೆ ನಕ್ಕಳು.

ನಮ್ಮ ಸಂಘದ ಬೇರೆ ಕುಟುಂಬಗಳೂ ಇಂಥ ಪ್ರವಾಸದ ಯೋಚನೆಯಲ್ಲಿರಬಹುದು. ಹೋಗಿಬನ್ನಿ, ಭಯಪಡಬೇಕಾಗಿಲ್ಲ. ಆದರೆ ಗುಂಪಿನಲ್ಲಿರುವಾಗ ಯಾವ ಮಗು ಯಾರ ಹೊಣೆಯೆಂದು ಬಾಯಿಬಿಟ್ಟು ಹೇಳಿಕೊಳ್ಳಿ. ‘ನಿಮ್ಮ ಕಡೆ ಇದ್ದಾಳೆಂದುಕೊಂಡೆ’ ಎಂಬ ಮಾತಿಗೆ ಅವಕಾಶ ಕೊಡಬೇಡಿ. ತಪ್ಪಿಸಿಕೊಂಡರೆ ಕೂಡುವ ಠಾವನ್ನು ಮಕ್ಕಳಿಗೆ ತೋರಿಸಿ, ಮರುದಿನ ಅವರೇ ನಿಮ್ಮನ್ನು ಅಲ್ಲಿಗೆ ಕರೆದೊಯ್ಯಲಿ. ಕ್ಯಾಬಿನ್ನಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಎಲ್ಲರೂ ಮುಟ್ಟುವ ಸೌಟು, ಕಂಬಿಗಳಿರುವ ಕಡೆ ಊಟಕ್ಕೆ ಮುಂಚೆ ಸೋಪಿನಿಂದಲೇ ಕೈ ತೊಳೆಸಿ. ದಿನಕ್ಕೆ ಒಂದೇ ಕಾರ್ಯಕ್ರಮ ಸಾಕು, ಅದನ್ನು ಮಕ್ಕಳೇ ಆರಿಸಲಿ.

ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎನ್ನುತ್ತಾರೆ. ನಾವು ಪಾಪಿಗಳಲ್ಲದಿದ್ದರೂ ಕಿರ್ದಿ ಹಿಡಿದು ಹೋದವರು, ಎರಡು ದಿನ ನಮಗೂ ಅಷ್ಟೇ ನೀರು ಸಿಕ್ಕಿತು. ಮನೆಗೆ ಮರಳಿದಾಗ ಅವ್ವ ಮೊಮ್ಮಗಳ ತಲೆ ನೇವರಿಸಿ ಏನೇನು ನೋಡಿದಿ ಎಂದು ಕೇಳಿದಳು. “ಸಮುದ್ರ, ಅಜ್ಜೀ” ಎಂದಳು ಮಗಳು. ಇಗರ್ಜಿ, ಪೇಟೆ, ಜಾದು ಯಾವುದರ ಸುದ್ದಿಯೂ ಇಲ್ಲ. ಮುಂದಿನ ರವಿವಾರ ಎಲ್ಲರೂ ಗಾಂಧಿಸಾಗರದ ದಂಡೆಗೆ ಹೋದೆವು. ಈ ಸಲ ಪಟ್ಟಿ ಬರೆದಿರಲಿಲ್ಲ, ಅವ್ವನೂ ಜೊತೆಗಿದ್ದಳು.