ಮೂಲೆ ಹರಿದ ಡಬ್ಬಿ

ಚಿಕ್ಕೋಡಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಚೌಕದ ಸ್ಟೀಲ್ ಡಬ್ಬಿ ಇತ್ತು. ಅದರ ಒಂದು ಮೂಲೆ ಹರಿದಿತ್ತು. ಆದರೂ ನಲವತ್ತು ವರ್ಷ ಅದನ್ನು ನಾನು ಗುಜರಿಗೆ ಹಾಕಿರಲಿಲ್ಲ.

ಆಗ ನಾನು ನಿಪ್ಪಾಣಿಯಲ್ಲಿ ಬ್ಯಾಂಕಿನ ಗುಮಾಸ್ತ. ಊರೆಲ್ಲ ತಂಬಾಕಿನ ವ್ಯಾಪಾರದಲ್ಲಿದ್ದರೆ, ಒಬ್ಬ ಯುವಕ ಮಾತ್ರ ಸಾಲ ಮಾಡಿ ಪ್ರೆಸ್ ಮೆಷಿನ್ ಕೊಂಡ. ಶಾಲೆಯ ಮಕ್ಕಳಿಗೆ ಊಟದ ಡಬ್ಬಿ ಮಾಡುತ್ತೇನೆಂದ. ಇದಕ್ಕೆ ಡೈ ಬೇಕು, ಅಂದರೆ ಉಕ್ಕಿನ ಅಚ್ಚು. ಮೇಲಿನ ಅಚ್ಚು ಇಳಿದು ತಗಡನ್ನು ಕೆಳಗಿನ ಅಚ್ಚಿನೊಳಗೆ ಒತ್ತುತ್ತದೆ, ತಗಡು ಡಬ್ಬಿಯಾಗುತ್ತದೆ.

ಅವನ ಡಬ್ಬಿಗಳು ಮಾತ್ರ ಮೂಲೆಯಲ್ಲೇ ಹರಿಯುತ್ತಿದ್ದವು. ಪ್ರತಿ ಸಲವೂ ಡೈ ಬಿಚ್ಚಿ, ಕೊಲ್ಹಾಪುರಕ್ಕೆ ಒಯ್ದು, ತಿಕ್ಕಿಸಿ ತಂದು ಮತ್ತೆ ಒತ್ತಬೇಕು. ಮತ್ತೆ ಹರಿಯುತ್ತಿತ್ತು. ಬಡ್ಡಿ ಬೆಳೆಯಿತು. ನೋಟಿಸನ್ನು ಟೈಪ್ ಮಾಡಿದವನು ನಾನೇ. ಅದನ್ನು ಹಿಡಿದು ಬಂದ ಅವನು ನನ್ನ ಮೇಜಿನ ಮೇಲೆ ಈ ಡಬ್ಬಿಯನ್ನಿಟ್ಟ.

"ನಾ ಸುಳ್ಳ ಹೇಳಿಲ್ರೀ ಸಾಹೇಬ್ರ. ನೋಡ್ರಿ, ನಿಮ್ಮ ರೊಕ್ಕ ಇದರಾಗ ಹೋಗೇತಿ."

ಮೆಷಿನ್ ಮಾರಿ ಸಾಲ ತೀರಿಸಿ, ಅವನು ಬೇರೆಯವರ ಕಾರ್ಖಾನೆಯಲ್ಲಿ ಕೂಲಿಗೆ ಹೋದ.

ಕಳೆದ ದೀಪಾವಳಿಗೆ ಮೊಮ್ಮಗಳು ಪುಣೆಯ ಚಾಕಣದಿಂದ ಬಂದಿದ್ದಳು. ಕಾರಿನ ಬಾಗಿಲು, ಬಾನೆಟ್ ಒತ್ತುವ ಡೈಗಳನ್ನು ಮಾಡುವ ಮೊದಲೇ ಕಂಪ್ಯೂಟರಿನಲ್ಲಿ ಒತ್ತಿ ನೋಡುವುದು ಅವಳ ಕೆಲಸ. ಅಜ್ಜಿ ಅಚ್ಚಿನಲ್ಲಿ ಕರ್ಚಿಕಾಯಿ ಒತ್ತುತ್ತಿದ್ದಳು. ಮೊಮ್ಮಗಳು ಹೇಳಿದಳು: "ಅಜ್ಜಾ, ನಮ್ಮದೂ ಇದೇ ಕೆಲಸ. ಕಣಕ ಬಿಗಿಯಾಗಿ ಎಳೆದರ ಹರಿತೈತಿ, ಸಡಿಲ ಬಿಟ್ಟರ ನಿರಿಗೆ ಬೀಳತೈತಿ. ತಗಡಿಗೂ ಹಂಗ."

ನಾನು ಅಟ್ಟದಿಂದ ಡಬ್ಬಿ ಇಳಿಸಿದೆ.

ಅವಳು ಅದನ್ನು ಅಳೆದು ಲ್ಯಾಪ್‌ಟಾಪಿನಲ್ಲಿ ಬರೆದಳು. ಕಂಪ್ಯೂಟರ್ ತಗಡನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಭಾಗಿಸಿ, ಒಂದೊಂದೂ ಎಷ್ಟು ಹಿಗ್ಗುತ್ತದೆಂದು ಲೆಕ್ಕ ಹಾಕುತ್ತದಂತೆ. ಪರದೆಯ ಮೇಲೆ ಡಬ್ಬಿ ಮೂಡಿತು. ತಳ ಹಸಿರು, ನಾಲ್ಕೂ ಮೂಲೆ ಕೆಂಪು. ಕೆಂಪೆಂದರೆ ಹರಿಯುವ ಜಾಗ. ಅವಳು ಮೂಲೆಗಳನ್ನು ಇನ್ನಷ್ಟು ದುಂಡಗೆ ಮಾಡಿ, ತಗಡಿನ ಮೂಲೆಗಳನ್ನೂ ಕತ್ತರಿಸಿ ಮತ್ತೆ ಒತ್ತಿಸಿದಳು. ಕೆಂಪು ಹೋಯಿತು.

ಕಂಪ್ಯೂಟರಿಗೆ ಮೊದಲೂ ಇದನ್ನು ತಿಳಿಯುವ ದಾರಿ ಇತ್ತಂತೆ. 1960ರ ದಶಕದಲ್ಲಿ ಅಮೆರಿಕದ ಸ್ಟುವರ್ಟ್ ಕೀಲರ್ ತಗಡಿನ ಮೇಲೆ ಸಣ್ಣ ವೃತ್ತಗಳನ್ನು ಮೂಡಿಸಿ ಪ್ರಯೋಗ ಮಾಡಿದರು. ತಗಡು ಹಿಗ್ಗಿದಾಗ ವೃತ್ತ ಮೊಟ್ಟೆಯಾಕಾರವಾಗುತ್ತದೆ. ಅದನ್ನು ಅಳೆದರೆ ಎಷ್ಟು ಹಿಗ್ಗಿದರೆ ಹರಿಯುತ್ತದೆಂದು ಗೊತ್ತಾಗುತ್ತದೆ. ಮಕ್ಕಳೇ, ಬಲೂನಿನ ಮೇಲೆ ಪೆನ್ನಿನಿಂದ ವೃತ್ತ ಬರೆದು ಎರಡೂ ಕಡೆ ಎಳೆದು ನೋಡಿ.

"ಹಂಗಾದರ ಕಂಪ್ಯೂಟರ್ ಹೇಳಿದ್ದೆಲ್ಲಾ ಖರೇನ ಏನ?" ಎಂದೆ.

"ಇಲ್ಲಜ್ಜಾ. ತಗಡಿನ ಗುಣ ನಾವು ತಪ್ಪು ಹಾಕಿದರ ಉತ್ತರಾನೂ ತಪ್ಪ. ಒತ್ತಿದ ಮ್ಯಾಲೆ ತಗಡು ಸ್ವಲ್ಪ ಹಿಂದಕ್ಕ ಚಿಮ್ಮತೈತಿ, ಅದನ್ನ ಹಿಡಿಯೋದು ಭಾಳ ಕಷ್ಟ. ಕಡೀಕ ಖರೆ ತಗಡು ಒತ್ತಿ ನೋಡಾಕs ಬೇಕು. ಆದರ ಹತ್ತು ಸಲ ತಪ್ಪೋದು ಒಂದೆರಡು ಸಲಕ್ಕ ಇಳಿತೈತಿ."

ಬ್ಯಾಂಕಿನಲ್ಲಿ ನಾವೂ ಮೊದಲು ಪೆನ್ಸಿಲಿನಲ್ಲಿ ಕೂಡಿಸಿ, ತಾಳೆಯಾದ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದೆವು. ಆ ಹುಡುಗನಿಗೆ ಪೆನ್ಸಿಲೇ ಇರಲಿಲ್ಲ. ಅವನ ಪ್ರತಿ ತಪ್ಪೂ ಉಕ್ಕಿನಲ್ಲಿ, ಸಾಲದ ಹಣದಲ್ಲಿ ಆಗುತ್ತಿತ್ತು.

ಮರುದಿನ ಮೊಮ್ಮಗಳೊಂದಿಗೆ ನಿಪ್ಪಾಣಿಗೆ ಹೋಗಿ ಅವರ ಮನೆ ಹುಡುಕಿದೆ. ಈಗ ಅವರೂ ಅಜ್ಜ. ಪರದೆಯನ್ನು ಬಹಳ ಹೊತ್ತು ನೋಡಿದರು. ಸಮಾಧಾನದ ಮಾತಾಡುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ನನ್ನ ಮೊಮ್ಮಗಳಿಗೆ ಕೇಳಿದ್ದು ಒಂದೇ ಮಾತು:

"ಎಷ್ಟು ಮಿಲಿಮೀಟರ್ ದುಂಡಗ ಮಾಡೀ ತಂಗಿ?"

ಡಬ್ಬಿಯನ್ನು ಅವರಲ್ಲೇ ಬಿಟ್ಟು ಬಂದೆ.