ಹೆಬ್ಬೆರಳೋ, ಮಣಿಕಟ್ಟೋ

ಬೆಳಗಿನ ಆರಕ್ಕೆ ಮದ್ದೂರಿನ ಆಸುಪಾಸಿನ ನಾಲೆ ಏರಿಯ ಮೇಲೆ ನಿಂತರೆ ಮೊದಲು ಕೇಳುವುದು ಎಕ್ಸ್‌ಎಲ್ ಗಾಡಿಯ ಸದ್ದು. ಆಮೇಲೆ ಕಾಣುವುದು ಹುಲ್ಲಿನ ಹೊರೆ, ಕೊನೆಗೆ ಹೊರೆಯ ಮುಂದೆ ಕುಳಿತ ಸವಾರ. ಗೇರು ಬದಲಿಸುವ, ಕ್ಲಚ್ ಹಿಡಿಯುವ ಕೆಲಸವೇ ಇಲ್ಲ. ಓಟವೆಲ್ಲ ಬಲಗೈ ಮಣಿಕಟ್ಟಿನ ತಿರುವಿನಲ್ಲಿದೆ. 1980ರಲ್ಲಿ ಟಿವಿಎಸ್ 50 ಬಂತು; 2015ರಲ್ಲಿ 99.7 ಸಿಸಿಯ ಎಕ್ಸ್‌ಎಲ್ 100 ಬಂತು. ಎಂಜಿನ್ ಬದಲಾಯಿತು, ತಿರುವುವ ಕೈ ಬದಲಾಗಲಿಲ್ಲ.

ಅದೇ ಕೈ ಗದ್ದೆಗಿಳಿದರೆ ಕಥೆ ಬೇರೆ.

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲುಗಳಲ್ಲಿ ಪವರ್ ಟಿಲ್ಲರ್‌ಗಳು ಕೆಸರಿಗಿಳಿಯುತ್ತವೆ. ಜಪಾನಿನ ಮಿತ್ಸುಬಿಷಿ ಜೊತೆಗೂಡಿ 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಈ ಯಂತ್ರವನ್ನು ನಾಡಿಗೆ ಪರಿಚಯ ಮಾಡಿಸಿದವರಲ್ಲಿ ಮುಖ್ಯವಾದದ್ದು. ಟಿಲ್ಲರ್ ನಡೆಸುವವನ ಎರಡು ಮುಷ್ಟಿಗೂ ಬಿಡುವಿಲ್ಲ: ಎಡಕ್ಕೆ ತಿರುಗಬೇಕಾದರೆ ಎಡಗೈಯ ಕ್ಲಚ್ ಹಿಚುಕಬೇಕು, ಬಲಕ್ಕೆ ಬಲಗೈಯದು. ಕಬ್ಬಿಣದ ಕೆಸರುಚಕ್ರ ಬದುವಿಗೆ ತಾಕಿದರೆ ಹ್ಯಾಂಡಲ್ ತೋಳನ್ನೇ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಎಂಜಿನ್ನಿನ ವೇಗ ಏರಿಸುವ ರೈಸನ್ನು ಮಣಿಕಟ್ಟಿಗೆ ಕೊಟ್ಟಿದ್ದರೆ ಒಂದೊಂದು ಕುಲುಕಾಟಕ್ಕೂ ಎಂಜಿನ್ ಕೂಗುತ್ತಿತ್ತು. ಹಾಗಾಗಿ ರೈಸ್ ಇರುವುದು ಒಂದು ಸಣ್ಣ ಲಿವರಿನಲ್ಲಿ. ಒಮ್ಮೆ ತಳ್ಳಿಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಮಿಕ್ಕ ಗಮನವೆಲ್ಲ ನೆಲದ ಮೇಲೆ.

ರೆಸಾರ್ಟ್‌ಗಳಲ್ಲಿ ಮಕ್ಕಳೂ ದೊಡ್ಡವರೂ ಆಸೆಪಟ್ಟು ಹತ್ತುವ ನಾಲ್ಕು ಚಕ್ರದ ಎಟಿವಿಯಲ್ಲೂ ಇದೇ ಪ್ರಶ್ನೆ: ರೈಸ್ ಮಣಿಕಟ್ಟಿಗೋ, ಹೆಬ್ಬೆರಳಿನ ಲಿವರಿಗೋ? 1970ರಲ್ಲಿ ಹೋಂಡಾ ಅಮೆರಿಕಕ್ಕೆ ಕಳಿಸಿದ ಮೂರು ಚಕ್ರದ ಯುಎಸ್ 90ರಿಂದ ಬೆಳೆದು ಬಂದ ಜಾತಿ ಅದು. ಬೈಕ್ ವಾಲಿದರೆ ತಿರುಗುತ್ತದೆ, ಮಣಿಕಟ್ಟು ಹಗುರಾಗಿರುತ್ತದೆ. ಎಟಿವಿ ವಾಲುವುದಿಲ್ಲ. ಹ್ಯಾಂಡಲನ್ನು ಒಂದು ಕಡೆ ತಳ್ಳಿ, ಇನ್ನೊಂದು ಕಡೆ ಎಳೆದು, ಮೈಯನ್ನು ಪಕ್ಕಕ್ಕೆ ಜರುಗಿಸಿದರೆ ಮಾತ್ರ ಮೂತಿ ತಿರುಗೀತು. ಹಳ್ಳ ಹಾರಿ ಮೈ ಹಿಂದಕ್ಕೆ ಜೋಲಿದಾಗ ಕೈ ಹ್ಯಾಂಡಲನ್ನೇ ಜಗ್ಗುತ್ತದೆ. ತಿರುವುವ ರೈಸ್ ಆಗಿದ್ದರೆ ಗಾಡಿ ಮತ್ತಷ್ಟು ಚಿಮ್ಮುತ್ತದೆ, ಮೈ ಮತ್ತಷ್ಟು ಹಿಂದಕ್ಕೆ ಹೋಗುತ್ತದೆ, ಕೈ ಇನ್ನಷ್ಟು ಜಗ್ಗುತ್ತದೆ. ಹೆಬ್ಬೆರಳ ಲಿವರ್ ಹಾಗಲ್ಲ. ಬೆರಳು ಸಡಿಲಾದ ಕ್ಷಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರುತ್ತದೆ.

ಹಾಗೆಂದು ಮಣಿಕಟ್ಟನ್ನು ತಳ್ಳಿಹಾಕುವಂತಿಲ್ಲ. ಗಂಟೆಗಟ್ಟಲೆ ಒತ್ತಿದರೆ ಹೆಬ್ಬೆರಳ ಬುಡ ಸಿಡಿಯುತ್ತದೆ. ರೇಸಿನ ಸವಾರರಲ್ಲಿ ಕೆಲವರು ಲಿವರ್ ಕಿತ್ತು ತಿರುವುವ ಹಿಡಿ ಹಾಕಿಸಿಕೊಳ್ಳುವುದು ಅದಕ್ಕೇ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಓಡಿಸಿದ ಕೈಗೆ ಆ ಹಿಡಿಯ ರುಚಿ ಗೊತ್ತು: ಕೂದಲೆಳೆಯಷ್ಟು ತಿರುವಿದರೆ ಕೂದಲೆಳೆಯಷ್ಟೇ ದನಿ ಏರುತ್ತಿತ್ತು. ಬೆರಳ ತುದಿಯ ಲಿವರಿಗೆ ಅಂಥ ನಯ ಬರುವುದು ಕಷ್ಟ.

ಆದರೂ ಕೆಸರಿನಲ್ಲಿ, ಬದುವಿನಲ್ಲಿ, ಮಳವಳ್ಳಿಯಿಂದ ಶಿವನಸಮುದ್ರದ ಕಡೆಗೆ ಇಳಿಯುವ ಕಲ್ಲುದಾರಿಗಳಂಥ ಜಾಗದಲ್ಲಿ ಹೆಬ್ಬೆರಳೇ ಸರಿ. ಅದನ್ನು ಒಪ್ಪಲು ಇಲ್ಲಿನ ರೈತನಿಗೆ ಎಟಿವಿ ಬೇಕಿಲ್ಲ. ಸಂಜೆ ಅವನು ಟಿಲ್ಲರಿನ ಲಿವರ್ ಹಿಂದಕ್ಕೆ ಸರಿಸಿ, ಎಂಜಿನ್ ನಿಲ್ಲಿಸಿ, ನಾಲೆಯಲ್ಲಿ ಕೈಕಾಲು ತೊಳೆದು ಎಕ್ಸ್‌ಎಲ್ ಹತ್ತುತ್ತಾನೆ. ಏರಿಯ ಮೇಲೆ ಮಣಿಕಟ್ಟು ತಿರುಗುತ್ತದೆ, ಹೆಬ್ಬೆರಳು ಹಿಡಿಯ ಕೆಳಗೆ ಸುಮ್ಮನೆ ಮಲಗಿರುತ್ತದೆ.