ಆರು ವೋಲ್ಟಿನ ಮರಳುದಾರಿ

ಫೋರ್ಡ್ ಕಂಪನಿ 1947ರಿಂದ 1952ರವರೆಗೆ ತಯಾರಿಸಿದ 8ಎನ್ ಎಂಬ ಪೆಟ್ರೋಲ್ ಟ್ರಾಕ್ಟರಿನ ವಿದ್ಯುತ್ ವ್ಯವಸ್ಥೆಯನ್ನು ಅಂಗೈಯಗಲದ ಕಾಗದದ ಮೇಲೆ ಬರೆದು ಮುಗಿಸಬಹುದು: ಆರು ವೋಲ್ಟಿನ ಬ್ಯಾಟರಿ, ಇಂಜಿನ್ನನ್ನು ಮೊದಲಿಗೆ ತಿರುಗಿಸುವ ಸೆಲ್ಫ್ ಮೋಟಾರು, ಓಡುತ್ತಿರುವಾಗ ಬ್ಯಾಟರಿಗೆ ಚಾರ್ಜು ತುಂಬುವ ಡೈನಮೊ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜನ್ನು ಹುಟ್ಟಿಸುವ ಕಾಯಿಲ್, ಅದನ್ನು ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರು. ದೀಪ ಬೇಕೆಂದವರು ಅದನ್ನು ಬೇರೆಯಾಗಿ ಕೊಳ್ಳಬೇಕಾಗಿತ್ತು. ಇಷ್ಟು ಸರಳವಾಗಿರುವುದರಿಂದಲೇ ಟ್ರಾಕ್ಟರು ಹಟ ಹಿಡಿದಾಗ ಬಿಡಿಭಾಗಗಳನ್ನು ಒಂದೊಂದಾಗಿ ಬದಲಾಯಿಸಿ ನೋಡುವ ಚಪಲ ಹುಟ್ಟುತ್ತದೆಯಾದರೂ, ಇಂಥ ಹಳೆಯ ಯಂತ್ರಗಳಲ್ಲಿ ಕೆಟ್ಟಿರುವುದು ಬಹುಮಟ್ಟಿಗೆ ಆ ಭಾಗಗಳ ನಡುವಿನ ದಾರಿ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣಕ್ಕಿರುವ ಸಾಂತಾ ಕ್ಲಾರಾ ಕಣಿವೆ, ಎಂದರೆ ಇಂದಿನ ಸಿಲಿಕಾನ್ ಕಣಿವೆ, ಎರಡನೆಯ ಮಹಾಯುದ್ಧ ಮುಗಿದ ಕಾಲಕ್ಕೆ ಏಪ್ರಿಕಾಟ್, ಚೆರ್ರಿ ಮತ್ತು ಒಣಗಿಸಿ ಮಾರುವ ಪ್ಲಮ್ ಹಣ್ಣಿನ ತೋಟಗಳ ಸೀಮೆಯಾಗಿತ್ತು. ಕೊಲ್ಲಿಯ ಪೂರ್ವ ದಡದ ಸ್ಯಾನ್ ಲಿಯಾಂಡ್ರೊದ ಬೆಸ್ಟ್ ಕಂಪನಿಯೂ ಒಳನಾಡಿನ ಸ್ಟಾಕ್ಟನ್‌ನ ಹೋಲ್ಟ್ ಕಂಪನಿಯೂ 1925ರಲ್ಲಿ ಒಂದಾಗಿ ಕ್ಯಾಟರ್‌ಪಿಲರ್ ಸಂಸ್ಥೆ ಹುಟ್ಟಿದ್ದರಿಂದ ಟ್ರಾಕ್ಟರು ಈ ಭಾಗಕ್ಕೆ ಮನೆಯ ಕೂಸೇ. ಈಗ ಸನ್ನಿವೇಲ್, ಸರಟೋಗ ಮುಂತಾದ ನಗರಗಳು ಪಾರಂಪರಿಕ ತೋಟಗಳೆಂದು ಒಂದಿಷ್ಟು ಎಕರೆ ಉಳಿಸಿಕೊಂಡಿವೆ. ಮಂಡ್ಯ ಜಿಲ್ಲೆಯ ಬೇಸಾಯದ ಮನೆಯಿಂದ ಬಂದು ಇದೇ ಕಣಿವೆಯಲ್ಲಿ ಚಿಪ್ ವಿನ್ಯಾಸದ ಕೆಲಸಕ್ಕೆ ಸೇರಿದ ಈ ಲೇಖಕನ ಕೈಗೆ ಸಿಕ್ಕ 1949ರ 8ಎನ್ ಇದ್ದದ್ದು ಸರಟೋಗದ ಅಂಚಿನ ಖಾಸಗಿ ತೋಟವೊಂದರ ಕೊಟ್ಟಿಗೆಯಲ್ಲಿ.

ಲೇಖಕನು ಬಾಲ್ಯದಿಂದ ಕಂಡಿದ್ದ ಟ್ರಾಕ್ಟರಿನ ಜಾತಿಯೇ ಬೇರೆ. ಡೀಸೆಲ್ ಇಂಜಿನ್ನಿನಲ್ಲಿ ಒತ್ತಿ ಬಿಸಿಯಾದ ಗಾಳಿಯೇ ಇಂಧನಕ್ಕೆ ಬೆಂಕಿ ಹೊತ್ತಿಸುವುದರಿಂದ ಅದು ಒಮ್ಮೆ ತಿರುಗಿದರೆ ಸಾಕು. ಹಾಗಾಗಿ ಬ್ಯಾಟರಿ ಕುಳಿತುಹೋದ ಟ್ರಾಕ್ಟರನ್ನು ಸಂಜೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಬ್ರೇಕು ಬಿಟ್ಟು ಉರುಳಿಸಿ ಚಾಲೂ ಮಾಡಿಕೊಂಡು, ಹೊಸ ಬ್ಯಾಟರಿಯ ಖರ್ಚನ್ನು ಮುಂದಿನ ಕಬ್ಬಿನ ಬಿಲ್ಲಿನವರೆಗೆ ಮುಂದೂಡುವುದು ಊರಿನಲ್ಲಿ ಸಾಮಾನ್ಯವಾಗಿತ್ತು. ಪೆಟ್ರೋಲ್ ಇಂಜಿನ್ನಿಗೆ ಈ ಸವಲತ್ತಿಲ್ಲ, ಅದಕ್ಕೆ ಪ್ರತಿ ಸುತ್ತಿಗೂ ಕಿಡಿ ಬೇಕು. ಯುದ್ಧಕಾಲದ ಅಭಾವದಲ್ಲಿ, 1942ರಲ್ಲಿ ಬಂದ 2ಎನ್ ಎಂಬ ಮಾದರಿಯ ಕೆಲವು ಟ್ರಾಕ್ಟರುಗಳಿಗೆ ಬ್ಯಾಟರಿಯೇ ಇಲ್ಲದೆ, ತಾನೇ ಕಿಡಿ ಹುಟ್ಟಿಸಿಕೊಳ್ಳುವ ಮ್ಯಾಗ್ನೆಟೊ ಎಂಬ ಸಾಧನವನ್ನು ಕೂರಿಸಿ, ಕೈಹಿಡಿಕೆಯಿಂದ ತಿರುಗಿಸುವಂತೆ ಮಾಡಿದ್ದುಂಟು. 8ಎನ್ ಮಾತ್ರ ಬ್ಯಾಟರಿಯನ್ನೇ ನಂಬಿದೆ.

ಕೊಟ್ಟಿಗೆಯ ಆ ಟ್ರಾಕ್ಟರು ಚಾಲೂ ಆಗುತ್ತಿರಲಿಲ್ಲ. ತೋಟದ ಒಡೆಯರು ದೋಷ ಯಾವುದೆಂದು ಆಗಲೇ ತೀರ್ಮಾನಿಸಿದ್ದರು: ಆರು ವೋಲ್ಟು ಸಾಲದು, ಹನ್ನೆರಡಕ್ಕೆ ಬದಲಾಯಿಸಬೇಕು. ಅದಕ್ಕೆ ಬೇಕಾದ ಆಲ್ಟರ್ನೇಟರಿನ ಪೆಟ್ಟಿಗೆಯೂ ಬಂದು ಕೂತಿತ್ತು. ಡೈನಮೊ ನೇರ ವಿದ್ಯುತ್ತನ್ನು ಕೊಡುತ್ತದೆ. ಅದರ ಕಬ್ಬಿಣದಲ್ಲಿ ಹಿಂದಿನ ಓಟದಿಂದ ಉಳಿದ ಅಲ್ಪ ಕಾಂತತ್ವವೇ ಮರುದಿನದ ಮೊದಲ ವಿದ್ಯುತ್ತನ್ನು ಹುಟ್ಟಿಸುವುದರಿಂದ, ರಿಪೇರಿಯಾದ ಮೇಲೆ ಬ್ಯಾಟರಿಯ ವಿದ್ಯುತ್ತನ್ನು ಕ್ಷಣಕಾಲ ಹಾಯಿಸಿ ಅದಕ್ಕೆ ಧನ ಋಣಗಳ ದಿಕ್ಕನ್ನು ಮತ್ತೆ ಕಲಿಸಬೇಕಾಗುತ್ತದೆ. ಆಲ್ಟರ್ನೇಟರು ಹುಟ್ಟಿಸುವುದು ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತನ್ನು, ಅದನ್ನು ಒಂದೇ ದಿಕ್ಕಿಗೆ ತಿರುಗಿಸುವವು ಸಿಲಿಕಾನಿನ ಡಯೋಡುಗಳು. ಆ ಡಯೋಡುಗಳು ಅಗ್ಗವಾದ ಮೇಲೆ, 1960ರ ದಶಕದಲ್ಲಿ, ಡೈನಮೊ ಮೂಲೆ ಸೇರಿತು. ಆ ಸಿಲಿಕಾನನ್ನು ಈ ಕಣಿವೆಗೆ ತಂದ ಭೌತವಿಜ್ಞಾನಿ ವಿಲಿಯಂ ಶಾಕ್ಲಿ ತನ್ನ ಪ್ರಯೋಗಾಲಯವನ್ನು ಸರಟೋಗಕ್ಕೆ ಹತ್ತಿರದ ಮೌಂಟನ್ ವ್ಯೂ ಊರಿನಲ್ಲಿ ತೆರೆದದ್ದು 1956ರಲ್ಲಿ. ಕಣಿವೆಯ ತೋಟಗಳನ್ನು ನುಂಗಿದ ಸಿಲಿಕಾನೇ ತೋಟದ ಟ್ರಾಕ್ಟರಿನ ಡೈನಮೊವನ್ನೂ ನುಂಗಿತೆಂದರೆ ಉತ್ಪ್ರೇಕ್ಷೆಯಾಗದು. ಆದರೂ ಹನ್ನೆರಡು ವೋಲ್ಟಿಗೆ ಜಿಗಿಯುವುದು ಅನೇಕ ಸಲ ದೋಷವನ್ನು ಹುಡುಕದೆಯೇ ಮುಚ್ಚಿಹಾಕುವ ಉಪಾಯ ಎಂಬುದು ಲೇಖಕನ ಅಭಿಪ್ರಾಯ, ಏಕೆಂದರೆ ವೋಲ್ಟೇಜು ಇಮ್ಮಡಿಯಾದಾಗ ಸೆಲ್ಫ್ ಮೋಟಾರು ಕೆಟ್ಟ ಜೋಡಣೆಯ ಮೂಲಕವೂ ರಭಸದಿಂದ ತಿರುಗಿಬಿಡುತ್ತದೆ.

ಟ್ರಾಕ್ಟರಿನ ಪ್ರತಿಯೊಂದು ಭಾಗಕ್ಕೂ ವಿದ್ಯುತ್ತು ಹೋಗುವ ತಂತಿಯಿದೆ, ಮರಳುವ ತಂತಿಯಿಲ್ಲ. ಬ್ಯಾಟರಿಯ ಒಂದು ಧ್ರುವವನ್ನು ಲೋಹದ ಮೈಗೇ ಕಟ್ಟಿ ಆ ಮೈಯನ್ನೇ ಮರಳುದಾರಿಯಾಗಿಸುವ ಈ ಏರ್ಪಾಟನ್ನು ಮೆಕ್ಯಾನಿಕ್ಕುಗಳು ಅರ್ತ್ ಎನ್ನುತ್ತಾರೆ; ಇಂದಿನ ವಾಹನಗಳಲ್ಲಿ ಮೈಗೆ ಕಟ್ಟುವುದು ಋಣ ಧ್ರುವವನ್ನು, 8ಎನ್‌ನಲ್ಲಿ ಧನ ಧ್ರುವವನ್ನು. ಅದೇ ಕೆಲಸಕ್ಕೆ ಆರು ವೋಲ್ಟಿನಲ್ಲಿ ಹನ್ನೆರಡರ ಎರಡರಷ್ಟು ಕರೆಂಟು ಹರಿಯಬೇಕಾಗುವುದರಿಂದ ದಾರಿಯ ಅಡ್ಡಿ ಇಲ್ಲಿ ದುಬಾರಿ: ಇನ್ನೂರು ಆಂಪಿಯರ್ ಹರಿಯುವಾಗ ಓಮಿನ ನೂರನೆಯ ಒಂದು ಭಾಗದಷ್ಟು ಅಡ್ಡಿಯಿದ್ದರೂ ಎರಡು ವೋಲ್ಟು, ಎಂದರೆ ಬ್ಯಾಟರಿಯ ಮೂರನೆಯ ಒಂದು ಪಾಲು, ಅಲ್ಲೇ ಕರಗುತ್ತದೆ. ಇಷ್ಟು ಸಣ್ಣ ಅಡ್ಡಿ ಸಾಮಾನ್ಯ ಮೀಟರಿನ ಓಮ್ ಅಳತೆಗೆ ಸಿಗುವಂಥದ್ದಲ್ಲವಾದ್ದರಿಂದ, ಕರೆಂಟು ಹರಿಯುತ್ತಿರುವಾಗಲೇ ದಾರಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ನೋಡಬೇಕು.

ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು, ಒಡೆಯರು ಸೆಲ್ಫ್ ಗುಂಡಿ ಅದುಮಿದಾಗ, ಸೊನ್ನೆಯ ಆಸುಪಾಸಿನಲ್ಲಿರಬೇಕಾದದ್ದು 1.4 ವೋಲ್ಟು ತೋರಿಸಿತು. ಅರ್ತಿನ ಪಟ್ಟಿ, ಎಂದರೆ ತಾಮ್ರದ ಎಳೆಗಳನ್ನು ಹೆಣೆದು ಮಾಡಿದ ಚಪ್ಪಟೆ ಕೇಬಲ್ಲು, ಹೊಚ್ಚ ಹೊಸದಾಗಿತ್ತು. ಅದರ ಬೋಲ್ಟು ಬಿಚ್ಚಿದಾಗ ಕೆಳಗೆ ಕಂಡದ್ದು ನುಣುಪಾದ, ದಪ್ಪನೆಯ ಬೂದು ಬಣ್ಣ. ಮೆರವಣಿಗೆಗೆ ಒಪ್ಪುವಂತೆ ಟ್ರಾಕ್ಟರನ್ನು ಸಿಂಗರಿಸುವಾಗ ಒಡೆಯರು ಸಂದುಗೊಂದುಗಳನ್ನೂ ಬಿಡದೆ ಬಣ್ಣ ಬಳಿದಿದ್ದರು, ಮತ್ತು ಬಣ್ಣ ವಿದ್ಯುತ್ತಿಗೆ ದಾರಿ ಕೊಡುವ ವಸ್ತುವಲ್ಲ. ಬೋಲ್ಟಿನ ತಿರುಪಿನ ಸುತ್ತುಗಳಷ್ಟೇ ಇಡೀ ಕರೆಂಟನ್ನು ಹೊರುತ್ತಿದ್ದವು. ಉಪ್ಪುಕಾಗದದಿಂದ ರೂಪಾಯಿಯಗಲ ಉಜ್ಜಿ ಲೋಹ ಬೆಳ್ಳಗೆ ಹೊಳೆಯುವಂತೆ ಮಾಡಿ ಬಿಗಿದ ಮೇಲೆ ಮೀಟರು 0.1ಕ್ಕೆ ಇಳಿಯಿತು, ಇಂಜಿನ್ನು ಹೊತ್ತಿಕೊಂಡಿತು. ಒಡೆಯರಿಗೆ ಟ್ರಾಕ್ಟರು ಓಡಿದ ಸಂತೋಷಕ್ಕಿಂತ ಪಟ್ಟಿಯ ಅಂಚಿನಲ್ಲಿ ಇಣುಕುತ್ತಿದ್ದ ಬೋಳು ಲೋಹದ ಕೊರಗೇ ದೊಡ್ಡದಾದ್ದರಿಂದ, ಬೋಲ್ಟು ಬಿಗಿದಾದ ಮೇಲೆ ಹೊರಗಿನಿಂದ ಬಣ್ಣ ಬಳಿಯಲು ಅಡ್ಡಿಯಿಲ್ಲ, ಅದರಿಂದ ತುಕ್ಕೂ ತಪ್ಪುತ್ತದೆ ಎಂದು ಒಪ್ಪಂದವಾಯಿತು.